ಇನ್ನೊಂದು ಬೋರ್ ಕೊರೆಸುವ ಮೊದಲು: ಹೊಲದ ಅಂತರ್ಜಲ ಅಳೆಯುವುದು, ಉಳಿಸುವುದು, ಇಂಗಿಸುವುದು ಹೇಗೆ

ಬೋರ್ ಬತ್ತಿದ ತಕ್ಷಣ ನಮ್ಮಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ. ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸಿ ಪಾಯಿಂಟ್ ಮಾಡಿಸುವುದು, ಸಾಲ ತಂದು ಇನ್ನೊಂದು ಬೋರ್ ಹೊಡೆಸುವುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ದಾಟುವುದು ಈಗ ಯಾರಿಗೂ ಹೊಸದಲ್ಲ. ಹೀಗೆ ಲಕ್ಷಗಟ್ಟಲೆ ಹಣ ಹಾಕುವ ಮೊದಲು ಕೆಲವು ಕೆಲಸ ಮಾಡಬಹುದು. ಅವುಗಳಲ್ಲಿ ಅರ್ಧಕ್ಕೆ ದುಡ್ಡೇ ಬೇಡ. ಹಗ್ಗ, ಡ್ರಮ್ಮು, ಒಂದು ನೋಟ್‌ಬುಕ್ಕು ಸಾಕು.

ಇಲ್ಲಿ ಬರೆಯುವುದೆಲ್ಲ ಕರ್ನಾಟಕದ ಪೂರ್ವದ ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ಅಂದರೆ ಗಟ್ಟಿ ಕಲ್ಲಿನ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯ ಜಾಗ. ಕರಾವಳಿಯ ಜಂಬಿಟ್ಟಿಗೆ ನೆಲಕ್ಕೂ ಉತ್ತರ ಕರ್ನಾಟಕದ ಎರೆಭೂಮಿಗೂ ಲೆಕ್ಕ ಬೇರೆ.

ನೆಲದಡಿಯಲ್ಲಿ ಏನಿದೆ ಎಂದು ತಿಳಿದುಕೊಳ್ಳಿ

ಭೂಮಿಯೊಳಗೆ ನದಿ ಹರಿಯುತ್ತದೆ ಎಂದು ಈಗಲೂ ಎಷ್ಟೋ ಜನ ನಂಬಿದ್ದಾರೆ. ನಮ್ಮ ಕಡೆ ಹಾಗಿಲ್ಲ. ಮೇಲೆ ಮಣ್ಣು, ಅದರ ಕೆಳಗೆ ಕಲ್ಲು ಕೊಳೆತು ಪುಡಿಯಾದ ಪದರ, ಅದರ ಕೆಳಗೆ ಗಟ್ಟಿ ಬಂಡೆ. ಕೊಳೆತ ಕಲ್ಲಿನ ಪದರವೇ ನಿಜವಾದ ನೀರಿನ ಉಗ್ರಾಣ. ಹಿಂದೆ ನಲವತ್ತು, ಐವತ್ತು ಅಡಿಯ ತೆರೆದ ಬಾವಿಗಳಲ್ಲಿ ನೀರು ನಿಲ್ಲುತ್ತಿದ್ದುದು ಇದೇ ಪದರದ ದಯೆಯಿಂದ. ಕೆಳಗಿನ ಬಂಡೆಯಲ್ಲಿ ನೀರು ಇರುವುದು ಅಲ್ಲಲ್ಲಿ ಇರುವ ಸೀಳುಗಳಲ್ಲಿ ಮಾತ್ರ. ಬೋರ್ ಲಾರಿಯವರು 'ಗ್ಯಾಪ್ ಸಿಕ್ತು' ಅನ್ನುತ್ತಾರಲ್ಲ, ಅದೇ ಈ ಸೀಳು.

ಈ ಸೀಳುಗಳಲ್ಲಿ ಹಿಡಿಸುವ ನೀರು ಬಹಳ ಕಮ್ಮಿ. ಅದು ತುಂಬಬೇಕಾದರೆ ಮೇಲಿನ ಪದರದಿಂದಲೇ ಇಳಿಯಬೇಕು. ಮೇಲಿನದು ಒಣಗಿದರೆ ಕೆಳಗಿನದು ಖಾಲಿಯಾಗುವುದಕ್ಕೆ ಬಹಳ ಕಾಲ ಬೇಡ. ಅದಕ್ಕೇ ಸಾವಿರ ಅಡಿಯ ಬೋರ್ ಮೊದಲ ವರ್ಷ ಎರಡೂವರೆ ಇಂಚು ನೀರು ಕೊಟ್ಟು, ಎರಡನೇ ಬೇಸಿಗೆಗೆ ಗಾಳಿ ಉಗುಳುತ್ತದೆ. ಸೀಳುಗಳಿಗೆ ಸರ್ವೆ ನಂಬರ್ ಗೊತ್ತಿಲ್ಲ ಎಂಬುದನ್ನೂ ನೆನಪಿಡಿ. ನಿಮ್ಮ ಬೋರ್‌ಗೂ ಪಕ್ಕದ ಹೊಲದ ಬೋರ್‌ಗೂ ನೀರು ಒಂದೇ ಸೀಳಿನಿಂದ ಬರುತ್ತಿರಬಹುದು.

ನಿಮ್ಮ ಬೋರ್ ಕೊರೆದಾಗಿನ ವಿವರ ಗೊತ್ತಿದ್ದರೆ ಈಗಲೇ ಬರೆದಿಡಿ: ಕೇಸಿಂಗ್ (ಮೇಲಿನ ಸಡಿಲ ಪದರ ಕುಸಿಯದಂತೆ ಇಳಿಸುವ ಪೈಪು) ಎಷ್ಟು ಅಡಿ ಇಳಿಯಿತು, ಮೊದಲ ನೀರು ಎಷ್ಟು ಅಡಿಗೆ ಕಂಡಿತು, ಆಮೇಲೆ ಯಾವ ಯಾವ ಅಡಿಯಲ್ಲಿ ಗ್ಯಾಪ್ ಸಿಕ್ಕಿತು, ಒಟ್ಟು ಆಳ ಎಷ್ಟು, ಮೋಟಾರ್ ಎಷ್ಟರಲ್ಲಿ ಕೂತಿದೆ. ಕೇಸಿಂಗ್ ಇಳಿದ ಆಳ ನೋಡಿದರೆ ಕೊಳೆತ ಕಲ್ಲಿನ ಪದರ ಎಷ್ಟು ದಪ್ಪ ಇದೆ ಅನ್ನುವ ಅಂದಾಜೂ ಸಿಗುತ್ತದೆ. ಮುಂದೆ ಇಂಗುಗುಂಡಿ ತೆಗೆಯುವಾಗ ಇದು ಬೇಕೇ ಬೇಕು.

ನೀರಿನ ಮಟ್ಟ ಅಳೆಯಿರಿ

ಎಲ್ಲ ಕೆಲಸಕ್ಕೂ ತಳಪಾಯ ಇದು. ಹಾಗಿದ್ದೂ ಯಾರೂ ಮಾಡದ ಕೆಲಸವೂ ಇದೇ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಎಂದು ನೋಡದೆ ಚೆಕ್ ಬರೆಯುವವರಲ್ಲ ನಾವು. ಬೋರ್ ವಿಷಯದಲ್ಲಿ ಮಾತ್ರ ಅದನ್ನೇ ಮಾಡುತ್ತಿದ್ದೇವೆ.

ತೆರೆದ ಬಾವಿಯಾದರೆ ಸುಲಭ. ಉದ್ದದ ನೈಲಾನ್ ಹಗ್ಗಕ್ಕೆ ಪ್ರತಿ ಐದು ಅಡಿಗೆ ಒಂದು ಗಂಟು ಹಾಕಿ, ತುದಿಗೆ ಒಂದು ಕಬ್ಬಿಣದ ತುಂಡು ಕಟ್ಟಿ. ಬಾವಿಯ ಕಟ್ಟೆಯ ಮೇಲೆ ಒಂದು ಕಡೆ ಪೇಂಟಿನಲ್ಲಿ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಹಗ್ಗ ಬಿಡಿ. ಕಬ್ಬಿಣ ನೀರು ಮುಟ್ಟಿದಾಗ ಕೈಯಲ್ಲಿ ಭಾರ ಸ್ವಲ್ಪ ಹಗುರಾದದ್ದು ಗೊತ್ತಾಗುತ್ತದೆ, ಜೊತೆಗೆ ಸಣ್ಣ ಸದ್ದೂ ಕೇಳಿಸುತ್ತದೆ. ಅಲ್ಲಿಗೆ ಹಗ್ಗವನ್ನು ಗುರುತಿನ ಹತ್ತಿರ ಹಿಡಿದುಕೊಂಡು ಮೇಲಕ್ಕೆ ಎಳೆಯಿರಿ. ಗಂಟು ಎಣಿಸಿ, ಉಳಿದ ತುಂಡನ್ನು ಟೇಪಿನಲ್ಲಿ ಅಳೆಯಿರಿ.

ಓಡುತ್ತಿರುವ ಬೋರ್‌ಗೆ ಹಗ್ಗ ಇಳಿಸಬೇಡಿ. ಕೇಬಲ್‌ಗೆ, ಪೈಪಿನ ಜಾಯಿಂಟ್‌ಗೆ ಸಿಕ್ಕಿಕೊಂಡರೆ ಮೋಟಾರ್ ಎತ್ತಬೇಕಾಗುತ್ತದೆ. ಇದಕ್ಕೆ ಒಳ್ಳೆಯ ಉಪಾಯ ಇದೆ. ಮುಂದಿನ ಸಲ ರಿಪೇರಿಗೆಂದು ಮೋಟಾರ್ ಎತ್ತಿದಾಗ, ವಾಪಸ್ ಇಳಿಸುವಾಗ ಅದರ ಜೊತೆಗೇ ಮುಕ್ಕಾಲು ಇಂಚಿನ ಒಂದು ಪೈಪನ್ನು ಕಟ್ಟಿ ಇಳಿಸಿ. ಅದರ ಒಳಗೆ ಸಪೂರವಾದ ವೈರ್ ಬಿಟ್ಟು ಅಳೆಯಬಹುದು. ವೈರಿನ ತುದಿ ನೀರು ಮುಟ್ಟಿದಾಗ ಮೇಲೆ ಸದ್ದು ಮಾಡುವ ಮೀಟರ್‌ಗಳು ಸಿಗುತ್ತವೆ. ಊರಿಗೆಲ್ಲ ಸೇರಿ ಒಂದು ಇದ್ದರೆ ಸಾಕು. ಅದೂ ಆಗದಿದ್ದರೆ ಪಕ್ಕದ, ಮೋಟಾರ್ ಇಲ್ಲದ ಹಳೇ ಬೋರ್‌ನಲ್ಲಿ ಅಳೆಯಿರಿ.

ಬೆಳಗ್ಗೆ, ಮೋಟಾರ್ ಹಾಕುವ ಮೊದಲು ಅಳೆಯಬೇಕು. ತಿಂಗಳಿಗೊಮ್ಮೆ ಆದರೆ ಬಹಳ ಒಳ್ಳೆಯದು. ಆಗದವರು ಮೇ ಕೊನೆಯಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆಯಾದರೂ ತಪ್ಪಿಸಬೇಡಿ. ಮೊದಲನೆಯದು ಮುಂಗಾರಿಗೆ ಮುಂಚಿನ ಲೆಕ್ಕ, ಎರಡನೆಯದು ಮಳೆಗಾಲ ಕೊಟ್ಟುಹೋದ ಲೆಕ್ಕ. ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ಅಳೆಯುತ್ತಾರೆ. ಆದರೆ ಆ ಬಾವಿ ನಿಮ್ಮ ಹೊಲದಲ್ಲಿ ಇರುವುದಿಲ್ಲ, ಅಲ್ವಾ?

ಎಷ್ಟು ಎತ್ತುತ್ತಿದ್ದೀರಿ, ಎಷ್ಟು ಇಂಗುತ್ತಿದೆ

'ಎರಡು ಇಂಚು ನೀರಿದೆ' ಅನ್ನುವ ಮಾತು ಬಾಯಿಮಾತಿಗೆ ಸರಿ, ಲೆಕ್ಕಕ್ಕೆ ಬರುವುದಿಲ್ಲ. 200 ಲೀಟರಿನ ಡ್ರಮ್ ಇಟ್ಟು, ಮೊಬೈಲಿನಲ್ಲಿ ಸಮಯ ನೋಡಿ. 100 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 2 ಲೀಟರ್, ಗಂಟೆಗೆ 7,200 ಲೀಟರ್. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟು ಇದ್ದು ಅಷ್ಟೂ ಹೊತ್ತು ಮೋಟಾರ್ ಓಡಿದರೆ ಸುಮಾರು 50 ಸಾವಿರ ಲೀಟರ್. ಒಂದು ಬೆಳೆಗೆ ನೂರು ದಿನ ಹೀಗೆ ಓಡಿದರೆ 50 ಲಕ್ಷ ಲೀಟರ್.

ಮೋಟಾರ್ ಹಾಕಿದ ಹತ್ತು ನಿಮಿಷಕ್ಕೆ ಒಮ್ಮೆ, ಮೂರು ಗಂಟೆ ಕಳೆದ ಮೇಲೆ ಇನ್ನೊಮ್ಮೆ ಡ್ರಮ್ ಇಡಿ. ಎರಡರ ನಡುವೆ ಬಹಳ ವ್ಯತ್ಯಾಸ ಬಂದರೆ ನಿಮ್ಮ ಬೋರ್ ರಾತ್ರಿ ಕೂಡಿಟ್ಟುಕೊಂಡದ್ದನ್ನು ಬೆಳಗ್ಗೆ ಖಾಲಿ ಮಾಡುತ್ತಿದೆ ಎಂದರ್ಥ.

ಈಗ ಮಳೆಯ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಸಾವಿರ ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಬಿದ್ದರೆ ಎಕರೆಗೆ 28 ಲಕ್ಷ ಲೀಟರ್. ಇಷ್ಟೊಂದಾ ಅನ್ನಿಸುತ್ತದೆ. ಆದರೆ ಇದರಲ್ಲಿ ಬಹುಪಾಲು ಆವಿಯಾಗಿ, ಗಿಡಮರ ಕುಡಿದು, ಹಳ್ಳಕ್ಕೆ ಹರಿದು ಹೋಗುತ್ತದೆ. ನಮ್ಮಂಥ ಕಲ್ಲುನೆಲದಲ್ಲಿ ತಾನಾಗಿ ಕೆಳಗಿಳಿಯುವುದು ಸಾಮಾನ್ಯವಾಗಿ ನೂರಕ್ಕೆ 5ರಿಂದ 11 ಪಾಲು ಎಂದು ಅಂತರ್ಜಲ ಲೆಕ್ಕ ಹಾಕುವವರು ಹಿಡಿಯುತ್ತಾರೆ. ಅಂದರೆ ಎಕರೆಗೆ ಒಂದೂವರೆಯಿಂದ ಮೂರು ಲಕ್ಷ ಲೀಟರ್.

ಮೂರು ಎಕರೆ ಇರುವವರ ಹೊಲದಲ್ಲಿ ವರ್ಷಕ್ಕೆ ಇಂಗುವುದು ಹೆಚ್ಚೆಂದರೆ 9 ಲಕ್ಷ ಲೀಟರ್. ಅವರ ಬೋರ್ ಒಂದೇ ಬೆಳೆಗೆ ಎತ್ತಿದ್ದು 50 ಲಕ್ಷ. ಉಳಿದ 41 ಲಕ್ಷ ಎಲ್ಲಿಂದ ಬಂತು? ಅಕ್ಕಪಕ್ಕದವರ ಹೊಲದಿಂದ, ಮೇಲಿನ ಗುಡ್ಡದಿಂದ, ಊರ ಕೆರೆಯಿಂದ, ಇಲ್ಲವೇ ಎಷ್ಟೋ ವರ್ಷಗಳಿಂದ ಕೂಡಿದ್ದ ಹಳೇ ನೀರಿನಿಂದ. ಎಲ್ಲರೂ ಹೀಗೇ ಎತ್ತಿದರೆ ಮೊದಲ ಮೂರೂ ಇಲ್ಲ. ಹಳೆಯದು ಮಾತ್ರ ಉಳಿಯುತ್ತದೆ, ಅದೂ ಮುಗಿಯುತ್ತದೆ. ಸರ್ಕಾರದ ಲೆಕ್ಕದಲ್ಲಿ, ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ ನೂರಕ್ಕೆ 70ರೊಳಗೆ ಎತ್ತಿದರೆ ಸುರಕ್ಷಿತ. 100 ದಾಟಿದರೆ ಅತಿಬಳಕೆಯ ತಾಲ್ಲೂಕು. ನಿಮ್ಮ ತಾಲ್ಲೂಕು ಎಲ್ಲಿದೆ ಎಂದು ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಗ್ರಾಮ ಪಂಚಾಯಿತಿಗಳಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪನಗಳಿವೆ. ನಿಮ್ಮ ಊರಿನ ಮಳೆ ಎಷ್ಟು ಎಂಬ ಲೆಕ್ಕ ಅಲ್ಲಿಂದ ಸಿಗುತ್ತದೆ.

ಮೊದಲು ಎತ್ತುವುದನ್ನು ಕಮ್ಮಿ ಮಾಡಿ

ಇಂಗಿಸುವ ಮಾತಿಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಎತ್ತುವುದನ್ನು ಕಮ್ಮಿ ಮಾಡಿ ಅಂದರೆ ಎದ್ದು ಹೋಗುತ್ತಾರೆ. ಆದರೆ ಮೇಲಿನ ಲೆಕ್ಕ ನೋಡಿದ ಮೇಲೆ ಮುಚ್ಚುಮರೆ ಯಾಕೆ? ಹತ್ತು ಇಂಗುಗುಂಡಿ ಮಾಡಿ, ಹತ್ತಿರದಲ್ಲೇ ಬೇಸಿಗೆ ಭತ್ತ ಹಾಕಿದರೆ ಏನೂ ಉಳಿಯುವುದಿಲ್ಲ.

ಮೊದಲು ಆಟೋ ಸ್ಟಾರ್ಟರ್ ತೆಗೆಯಿರಿ. ಕರೆಂಟು ಬಂದ ತಕ್ಷಣ ಮೋಟಾರ್ ತಾನೇ ಶುರುವಾಗುತ್ತದೆ. ಮಧ್ಯರಾತ್ರಿ ಹೊಲ ತುಂಬಿ, ಬದು ದಾಟಿ, ದಾರಿಗೆ ಹರಿಯುತ್ತಿದ್ದರೂ ಕೇಳುವವರಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ಹಾಗಾಗಿ ಬಿಲ್ಲು ಕೂಡ ಎಚ್ಚರಿಸುವುದಿಲ್ಲ. ರಾತ್ರಿ ಎದ್ದು ಹೋಗುವ ಕಷ್ಟ, ಹಾವಿನ ಭಯ ಎಲ್ಲ ನನಗೂ ಗೊತ್ತು. ಅದಕ್ಕೆ ಮೊಬೈಲಿನಿಂದ ಆನ್, ಆಫ್ ಮಾಡುವ ಸ್ಟಾರ್ಟರ್‌ಗಳಿವೆ. ಇಷ್ಟು ಗಂಟೆ ಓಡಿ ನಿಲ್ಲುವ ಟೈಮರ್ ಕೂಡ ಹಾಕಿಸಬಹುದು. ನೀರು ಕಡಿದಾಗ ಮೋಟಾರ್ ತಾನೇ ನಿಲ್ಲುವ ವ್ಯವಸ್ಥೆ ಇದ್ದರೆ ಕಾಯಿಲ್ ಸುಡುವುದೂ ತಪ್ಪುತ್ತದೆ.

ಎರಡನೆಯದು ಬೆಳೆ. ಒಂದು ಎಕರೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕು ಎಂದು ಹಿಡಿದರೆ 48 ಲಕ್ಷ ಲೀಟರ್ ಆಯಿತು. ಅದರಲ್ಲಿ ಒಂದಷ್ಟು ಮತ್ತೆ ಇಂಗುತ್ತದೆ, ನಿಜ. ಆದರೂ ಬೇಸಿಗೆಯಲ್ಲಿ ಬೋರ್ ನೀರಿನಿಂದ ಭತ್ತ ಬೆಳೆಯುವುದನ್ನು ನಮ್ಮ ಸೀಮೆಯಲ್ಲಿ ಯಾವ ಲೆಕ್ಕದಿಂದಲೂ ಸಮರ್ಥಿಸಲು ಆಗುವುದಿಲ್ಲ. ರಾಗಿಗೆ ಅದರ ಮೂರನೇ ಒಂದು ಪಾಲು ಸಾಕು, ಅದೂ ಹೆಚ್ಚಿನದು ಮಳೆಯಿಂದಲೇ ಸಿಗುತ್ತದೆ. ಜೊತೆಗೆ ಅವರೆ, ತೊಗರಿ, ಹುರುಳಿ. ಟೊಮೇಟೊ, ಹೂವು, ತರಕಾರಿ ಬಿಡಿ ಎಂದು ನಾನು ಹೇಳುವುದಿಲ್ಲ, ಅದರಲ್ಲೇ ನಮ್ಮವರ ಜೀವನ ನಡೆಯುವುದು. ಆದರೆ ಡ್ರಿಪ್ (ಹನಿ ನೀರಾವರಿ) ಮತ್ತು ಮಲ್ಚಿಂಗ್ (ಮಣ್ಣಿಗೆ ಹೊದಿಕೆ) ಇಲ್ಲದೆ ಹಾಕಬೇಡಿ. ಡ್ರಿಪ್ ಹಾಕಿದ ಮೇಲೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ಸೇರಿಸಿಕೊಂಡರೆ ಉಳಿತಾಯ ಅನ್ನುವುದು ಕಾಗದದ ಮೇಲೆ ಮಾತ್ರ. ಇದು ಎಲ್ಲ ಕಡೆ ನಡೆಯುತ್ತಿದೆ.

ನವೆಂಬರ್ ಅಳತೆ ಉಪಯೋಗಕ್ಕೆ ಬರುವುದು ಇಲ್ಲೇ. ನೀರು ಹೋದ ವರ್ಷದ ನವೆಂಬರ್‌ಗಿಂತ ಕೆಳಗಿದ್ದರೆ ಬೇಸಿಗೆ ಬೆಳೆಯ ಜಾಗವನ್ನು ಅಷ್ಟಕ್ಕೆ ತಕ್ಕಂತೆ ಇಳಿಸಿ. ಮಾರ್ಚ್‌ನಲ್ಲಿ ಒಣಗುವ ಒಂದು ಎಕರೆಗಿಂತ ಕೈಗೆ ಬರುವ ಅರ್ಧ ಎಕರೆ ಮೇಲು.

ಹೊಲದಲ್ಲಿ ನೀಲಗಿರಿ ಇದ್ದರೆ, ಕಡಿದ ಮೇಲೆ ಮತ್ತೆ ಚಿಗುರಲು ಬಿಡಬೇಡಿ, ಬುಡ ಸಮೇತ ತೆಗೆಸಿ. ರಾಜ್ಯದಲ್ಲಿ 2017ರಿಂದ ಹೊಸದಾಗಿ ನೀಲಗಿರಿ ನೆಡುವುದಕ್ಕೆ ನಿಷೇಧವೂ ಇದೆ.

ಬಿದ್ದ ಮಳೆಯನ್ನು ಹೊಲದಲ್ಲೇ ನಿಲ್ಲಿಸಿ

ಇಂಗುಗುಂಡಿಗಿಂತ ಮೊದಲು ಬದು. ಇಳಿಜಾರಿಗೆ ಅಡ್ಡವಾಗಿ ಉಳುಮೆ, ಅಡ್ಡವಾಗಿ ಬದು, ಬದುವಿನ ಮೇಲ್ಭಾಗಕ್ಕೆ ಕಾಲುವೆಯಂಥ ಟ್ರೆಂಚು. ನೂರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಒಂದು ಟ್ರೆಂಚು ಒಂದು ಸಲ ತುಂಬಿದರೆ 11 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ. ಮುಂದೆ ಹೇಳುವ ಹತ್ತು ಅಡಿಯ ಇಂಗುಗುಂಡಿಯೂ ಕಲ್ಲು ತುಂಬಿದ ಮೇಲೆ ಹಿಡಿಯುವುದು ಹೆಚ್ಚುಕಮ್ಮಿ ಅಷ್ಟೇ. ಆದರೆ ಖರ್ಚಿನಲ್ಲಿ ಎರಡಕ್ಕೂ ಅಜಗಜಾಂತರ. ಟ್ರೆಂಚಿನ ಅಂಚಿಗೆ ಹೊಂಗೆ, ಸೀತಾಫಲ, ಲಾವಂಚ ಏನಾದರೂ ಹಾಕಿದರೆ ಮಣ್ಣು ಕುಸಿಯುವುದಿಲ್ಲ. ಈ ಥರದ ಕೆಲಸಗಳಿಗೆ ಪಂಚಾಯಿತಿಯಲ್ಲಿ ಏನು ಸಹಾಯ ಸಿಗುತ್ತದೆ ಎಂದು ವಿಚಾರಿಸಿ.

ಕೃಷಿ ಹೊಂಡದ ವಿಷಯದಲ್ಲಿ ಒಂದು ಗೊಂದಲ ಇದೆ. ಪ್ಲಾಸ್ಟಿಕ್ ಹಾಸಿದ ಹೊಂಡದಿಂದ ಒಂದು ಹನಿಯೂ ಇಂಗುವುದಿಲ್ಲ. ಅದು ಮಳೆ ನೀರನ್ನು ಹಿಡಿದು ಬೆಳೆಗೆ ಕೊಡುವುದಕ್ಕೆ. ಬೋರ್ ನೀರು ತಂದು ಅದರಲ್ಲಿ ತುಂಬಿಸಿಟ್ಟರೆ ಬಿಸಿಲಿಗೆ ಆವಿಯಾಗಿ ದುಪ್ಪಟ್ಟು ನಷ್ಟ. ಇಂಗಬೇಕು ಅಂದರೆ ಹಾಸು ಹಾಕದೆ, ಹೊಲದ ತಗ್ಗಿನಲ್ಲಿ ತೆಗೆಯಬೇಕು.

ಹಾಳುಬಾವಿ ಇದ್ದರೆ ಅದೇ ಮೊದಲು

ತೆರೆದ ಹಳೇ ಬಾವಿ ಇದ್ದವರು ಅದೃಷ್ಟವಂತರು. ಕೊಳೆತ ಕಲ್ಲಿನ ಪದರಕ್ಕೆ ನೇರವಾಗಿ ಬಾಯಿ ತೆರೆದುಕೊಂಡಿರುವ, ಹಿರಿಯರು ಅಗೆದಿಟ್ಟು ಹೋದ ಇಂಗುಗುಂಡಿ ಅದು. ಅದನ್ನು ನಾವು ಕಸ, ಹಳೇ ಬಟ್ಟೆ, ಕೀಟನಾಶಕದ ಬಾಟಲಿ ಹಾಕುವ ಜಾಗ ಮಾಡಿಕೊಂಡಿದ್ದೇವೆ. ಬೆಂಗಳೂರಿನಲ್ಲಿ ಮಣ್ಣು ವಡ್ಡರ ಕುಶಲತೆಯಿಂದ ತೆರೆದ ಬಾವಿಗಳು, ಇಂಗುಬಾವಿಗಳು ಮತ್ತೆ ಜೀವ ಪಡೆಯುತ್ತಿವೆ. ತಲೆತಲಾಂತರದಿಂದ ಬಾವಿ ತೋಡಿಕೊಂಡು ಬಂದವರು ಅವರು, ಮಣ್ಣಿನ ಬಣ್ಣ ನೋಡಿಯೇ ಎಲ್ಲಿ ನಿಲ್ಲಿಸಬೇಕು ಎಂದು ಹೇಳಬಲ್ಲರು. ನಿಮ್ಮ ಊರಿನ ಸುತ್ತಮುತ್ತಲೂ ಅಂಥವರು ಇದ್ದೇ ಇರುತ್ತಾರೆ. ಹುಡುಕಿ ಕೇಳಿ, ಅವರ ಕೆಲಸಕ್ಕೆ ಸರಿಯಾದ ಕೂಲಿ ಕೊಡಿ.

ಹಳೇ ಬಾವಿಗೆ ಯಾರೂ ಸುಮ್ನೆ ಇಳಿಯಬಾರದು. ಬಹಳ ಕಾಲ ಮುಚ್ಚಿಕೊಂಡಿದ್ದ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಮೊದಲು ಇಳಿದವರು ಕುಸಿದರೆಂದು ಕಾಪಾಡಲು ಇಳಿದವರೂ ಪ್ರಾಣ ಕಳೆದುಕೊಂಡ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. ಕಸ ತೆಗೆಯುವುದಕ್ಕೆ ಕ್ರೇನ್ ಬಳಸಿ. ಮನುಷ್ಯರು ಇಳಿಯಲೇಬೇಕಾದರೆ ಅನುಭವ ಇರುವವರೇ ಇಳಿಯಲಿ. ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಜನ ಇರಲಿ, ಒಳಗೆ ಗಾಳಿ ಹಾಯಿಸಿರಲಿ.

ಬಾವಿ ಚೊಕ್ಕಟವಾದ ಮೇಲೆ ಹೊಲದ ನೀರನ್ನು ಕಾಲುವೆಯಲ್ಲಿ ತಂದು, ಮೊದಲು ಒಂದು ಹೂಳುಗುಂಡಿಯಲ್ಲಿ ನಿಲ್ಲಿಸಿ, ತಿಳಿಯಾದ ಮೇಲ್ನೀರು ಮಾತ್ರ ಪೈಪಿನಲ್ಲಿ ಬಾವಿಗೆ ಬೀಳುವಂತೆ ಮಾಡಿ. ಪೈಪಿನ ಬಾಯಿ ಬಾವಿಯ ಗೋಡೆಗೆ ತಾಗಿರದೆ ಮುಂದಕ್ಕೆ ಚಾಚಿರಬೇಕು. ಇಲ್ಲದಿದ್ದರೆ ಗೋಡೆ ಕೊರೆದುಹೋಗುತ್ತದೆ.

ಬೋರ್ ಸುತ್ತ ಇಂಗುಗುಂಡಿ ಮಾಡುವ ಕ್ರಮ

ಎಲ್ಲರೂ ಕೇಳುವುದು ಇದನ್ನೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲಿಗೆ ಪರೀಕ್ಷೆ. ಬತ್ತಿದ ಬೋರ್‌ಗೆ ಒಂದು ಟ್ಯಾಂಕರ್ ಶುದ್ಧ ನೀರು ಬಿಟ್ಟು ನೋಡಿ. ನೀರು ಸರಸರನೆ ಇಳಿದು ಹೋದರೆ ಒಳಗೆ ಸೀಳುಗಳಿವೆ, ಬೋರ್ ನೀರು ಕುಡಿಯುತ್ತದೆ. ಮೇಲಕ್ಕೆ ತುಂಬಿಕೊಂಡು ಗಂಟೆಗಟ್ಟಲೆ ಹಾಗೇ ನಿಂತರೆ ಅಲ್ಲಿ ಗುಂಡಿ ತೆಗೆದು ದುಡ್ಡು ಹಾಳು ಮಾಡಬೇಡಿ.

ಎರಡನೆಯದು, ನೀರು ಎಲ್ಲಿಂದ ಬರುತ್ತದೆ ಎಂದು ನೋಡುವುದು. ಜೋರು ಮಳೆ ಬರುವಾಗ ಕೊಡೆ ಹಿಡಿದು ಹೊಲಕ್ಕೆ ಹೋಗಿ, ನೀರು ಹರಿಯುವ ದಾರಿಯನ್ನು ಕಣ್ಣಾರೆ ನೋಡಿ. ಸಗಣಿ ತಿಪ್ಪೆ, ಹಟ್ಟಿ, ಕೋಳಿ ಫಾರಂ, ಊರ ಚರಂಡಿ ದಾಟಿ ಬರುವ ನೀರು ಬೇಡವೇ ಬೇಡ. ಆಗಷ್ಟೇ ಔಷಧಿ ಹೊಡೆದ ತೋಟದ ನೀರೂ ಬೇಡ.

ಗುಂಡಿ ತೆಗೆಯುವುದು ಬೇಸಿಗೆಯಲ್ಲಿ. ಕೇಸಿಂಗ್ ನಡುವೆ ಬರುವಂತೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಆಳ. ಜೇಸಿಬಿಯ ಬಕೆಟ್ ಕೇಸಿಂಗ್‌ಗೆ ತಾಗದಂತೆ ಹತ್ತಿರದ ಎರಡು ಅಡಿಯನ್ನು ಕೈಯಿಂದಲೇ ಅಗೆಸಿ. ಮಣ್ಣು ಸಡಿಲವಾಗಿದ್ದರೆ ಅಂಚುಗಳನ್ನು ಇಳಿಜಾರಾಗಿ ತೆಗೆಯಬೇಕು. ಹತ್ತು ಅಡಿಯ ನೇರ ಗೋಡೆ ಕುಸಿದರೆ ಒಳಗಿದ್ದವರು ಉಳಿಯುವುದು ಕಷ್ಟ.

ಗುಂಡಿಯೊಳಗೆ ಕಾಣುವ ಕೇಸಿಂಗಿನ ಕೆಳಗಿನ ಮೂರ್ನಾಲ್ಕು ಅಡಿಗೆ ಡ್ರಿಲ್ಲಿನಿಂದ ಒಂದು ಸೆಂಟಿಮೀಟರಿನಷ್ಟು ತೂತುಗಳನ್ನು ಎರಡೆರಡು ಇಂಚಿಗೆ ಒಂದರಂತೆ ಹಾಕಬೇಕು. ಮೋಟಾರ್ ಒಳಗಿದ್ದರೆ ಡ್ರಿಲ್ ಕೇಬಲ್‌ಗೆ ತಾಗಬಹುದು, ಎತ್ತಿಟ್ಟು ಮಾಡುವುದೇ ಸರಿ. ತೂತುಗಳ ಮೇಲೆ ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ನೈಲಾನ್ ಜಾಲರಿಯನ್ನು ಎರಡು ಮೂರು ಸುತ್ತು ಸುತ್ತಿ, ಬಿಚ್ಚಿಕೊಳ್ಳದಂತೆ ಕಟ್ಟಿ.

ಆಮೇಲೆ ತುಂಬುವುದು. ತಳದಿಂದ ಐದು ಅಡಿ ದಪ್ಪ ಕಲ್ಲು, ಕೈಯಿಂದ ಜೋಡಿಸಿ. ಮೇಲಿಂದ ಸುರಿದರೆ ಕೇಸಿಂಗ್ ಒಡೆಯುತ್ತದೆ. ಅದರ ಮೇಲೆ ಎರಡು ಅಡಿ 40 ಎಂಎಂ ಜಲ್ಲಿ, ಒಂದು ಅಡಿ 20 ಎಂಎಂ ಜಲ್ಲಿ. ಅದರ ಮೇಲೆ ಜಾಲರಿ ಹಾಸಿ ಒಂದು ಅಡಿ ದಪ್ಪ ಮರಳು. ಎಂ-ಸ್ಯಾಂಡ್ (ಕಲ್ಲು ಅರೆದು ಮಾಡಿದ ಮರಳು) ಆದರೆ ತೊಳೆದದ್ದೇ ಬೇಕು. ಅದರ ಪುಡಿಯೇ ಗುಂಡಿಯನ್ನು ಕಟ್ಟಿಹಾಕುತ್ತದೆ. ಉಳಿದ ಒಂದು ಅಡಿ ನೀರು ನಿಲ್ಲಲು ಖಾಲಿ ಬಿಡಿ. ಕೇಸಿಂಗ್ ನೆಲಕ್ಕಿಂತ ಎರಡು ಅಡಿಯಾದರೂ ಮೇಲಿರಲಿ, ಬಾಯಿಗೆ ಗಟ್ಟಿ ಮುಚ್ಚಳ ಇರಲಿ. ಮುಚ್ಚಳ ತೆಗೆದು ಹೊಲದ ಕೆಂಪು ನೀರನ್ನು ನೇರವಾಗಿ ಬೋರ್‌ಗೆ ಬಿಡುವವರೂ ಇದ್ದಾರೆ. ಹೂಳು ಸೀಳುಗಳಿಗೆ ಸೇರಿಕೊಂಡರೆ ತೆಗೆಯುವುದಕ್ಕೆ ಆಗುವುದಿಲ್ಲ, ಆ ಬೋರ್ ಕಥೆ ಅಲ್ಲಿಗೆ ಮುಗಿಯಿತು.

ಗುಂಡಿಗೆ ಹತ್ತು ಹದಿನೈದು ಅಡಿ ಮೊದಲೇ ಒಂದು ಹೂಳುಗುಂಡಿ ಬೇಕು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳ ಸಾಕು. ಪ್ರತಿ ವರ್ಷ ಮುಂಗಾರಿಗೆ ಮೊದಲು ಅದರ ಹೂಳು ತೆಗೆಯಬೇಕು, ಮರಳಿನ ಮೇಲಿನ ಎರಡು ಇಂಚು ಕೆರೆದು ತೊಳೆದು ಹಾಕಬೇಕು. ಮಾಡಿಸಿದ ಗುಂಡಿಗಳಲ್ಲಿ ಎಷ್ಟೋ ಸತ್ತುಹೋಗುವುದು ಈ ಒಂದು ದಿನದ ಕೆಲಸ ತಪ್ಪಿದ್ದರಿಂದ.

ಈ ಗುಂಡಿಯಿಂದ ಎಷ್ಟು ನಿರೀಕ್ಷಿಸಬಹುದು? ಕಲ್ಲಿನ ಸಂದಿಗಳಲ್ಲಿ ಒಂದು ಸಲಕ್ಕೆ ಸುಮಾರು 10 ಸಾವಿರ ಲೀಟರ್ ಹಿಡಿಯುತ್ತದೆ. ಮಳೆಗಾಲದಲ್ಲಿ ಇಪ್ಪತ್ತು ಸಲ ತುಂಬಿ ಇಳಿದರೂ ಎರಡು ಲಕ್ಷ. ಉಪಯೋಗ ಖಂಡಿತ ಇದೆ. ಆದರೆ 50 ಲಕ್ಷ ಎತ್ತುವ ಬೋರ್‌ಗೆ ಇದೊಂದೇ ಸಾಲದು. 'ಇಂಗುಗುಂಡಿ ಮಾಡಿಸಿ, ಬೋರ್ ಉಕ್ಕುತ್ತದೆ' ಎಂದು ದುಡ್ಡು ಕೇಳುವವರನ್ನು ನಂಬಬೇಡಿ.

ಇನ್ನು ನನ್ನ ಅಭಿಪ್ರಾಯ ಒಂದಿದೆ, ಎಲ್ಲರೂ ಒಪ್ಪಲಿಕ್ಕಿಲ್ಲ. ಕುಡಿಯುವ ನೀರಿನ ಬೋರ್‌ನ ಕೇಸಿಂಗ್‌ಗೆ ತೂತು ಹಾಕಲೇಬಾರದು. ಎಷ್ಟೇ ಮರಳು, ಜಲ್ಲಿ ಹಾಕಿದರೂ ರೋಗಾಣು, ರಾಸಾಯನಿಕ ಪೂರ್ತಿ ನಿಲ್ಲುವುದಿಲ್ಲ. ಅಂಥ ಬೋರ್‌ಗೆ ದೂರದಲ್ಲಿ ಸಾದಾ ಇಂಗುಗುಂಡಿ ಮಾಡಿ, ನೀರು ಮಣ್ಣಿನ ಮೂಲಕವೇ ಇಳಿಯಲಿ. ನಿಧಾನ, ಆದರೆ ಮಕ್ಕಳು ಕುಡಿಯುವ ನೀರು ಅದು.

ಕೆರೆ, ಮತ್ತು ನೀರಿನ ಗುಣ

ಊರ ಕೆರೆ ತುಂಬಿದರೆ ಅಚ್ಚುಕಟ್ಟಿನ ಬಾವಿಗಳಲ್ಲಿ ನೀರು ಏರುವುದನ್ನು ಹಳಬರು ಕಂಡೇ ಇದ್ದಾರೆ. ಕೆರೆಯ ತಳದಲ್ಲಿ ಕೂತ ನುಣ್ಣನೆಯ ಗೋಡುಮಣ್ಣು ಇಂಗುವುದನ್ನು ತಡೆಯುತ್ತದೆ. ಅದನ್ನು ತೆಗೆದು ಹೊಲಕ್ಕೆ ಹೊಡೆಸಿಕೊಂಡರೆ ಎರಡೂ ಕಡೆ ಲಾಭ. ಆದರೆ ಕಟ್ಟೆಯ ಬುಡದಲ್ಲಿ ಅಗೆಯಬಾರದು. ಹೂಳು ತೆಗೆಯುವ ಉತ್ಸಾಹದಲ್ಲಿ ಕೆರೆಗೆ ನೀರು ತರುವ ಕಾಲುವೆಯನ್ನು ಮರೆಯುವುದು ಎಲ್ಲ ಊರಲ್ಲೂ ನಡೆಯುತ್ತದೆ. ಒತ್ತುವರಿಯಾದ ಕಾಲುವೆ ಬಿಡಿಸದೆ ಕೆರೆ ಎಷ್ಟು ಆಳ ಮಾಡಿದರೂ ಅದು ಖಾಲಿ ಗುಂಡಿಯೇ.

ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಇದು ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ನೀರು. ಅಂಥ ಕೆರೆಯ ನೀರನ್ನು ಪೈಪಿನಲ್ಲಿ ತಂದು ತೂತು ಹಾಕಿದ ಕೇಸಿಂಗ್‌ಗೆ ಬಿಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ.

ಆಳಕ್ಕೆ ಹೋದಷ್ಟೂ ನೀರು ಶುದ್ಧ ಅನ್ನುವುದು ತಪ್ಪು. ಗ್ರಾನೈಟ್ ಕಲ್ಲಿನ ಜೊತೆ ಬಹಳ ಕಾಲ ಇದ್ದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೂ 1.5 ದಾಟಬಾರದು. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರಿಗೆ ಕೀಲು ಮೂಳೆ ಬಿಗಿತ ಇದ್ದರೆ ನೀರನ್ನು ಅನುಮಾನಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಸಾಂದ್ರವಾಗುತ್ತದೆ. ಗೊಬ್ಬರ, ಶೌಚ ಗುಂಡಿಯಿಂದ ಬರುವ ನೈಟ್ರೇಟ್ 45 ಮಿಲಿಗ್ರಾಂ ಒಳಗಿರಬೇಕು. ಪಂಚಾಯಿತಿಗಳಿಗೆ ಜಲ ಜೀವನ ಮಿಷನ್‌ನಲ್ಲಿ ಪರೀಕ್ಷಾ ಕಿಟ್ ಕೊಟ್ಟಿದ್ದಾರೆ, ಕೇಳಿ ಮಾಡಿಸಿ. ಶುದ್ಧ ನೀರಿನ ಘಟಕದಿಂದ ಹೊರಬರುವ ವೇಸ್ಟ್ ನೀರನ್ನು ಇಂಗುಗುಂಡಿಗೆ ಬಿಡಬೇಡಿ. ಶೋಧಿಸಿ ತೆಗೆದ ಫ್ಲೋರೈಡ್, ಉಪ್ಪು ಎಲ್ಲ ಅದರಲ್ಲೇ ಇರುತ್ತದೆ.

ಕೊರೆಸಲೇಬೇಕು ಅಂದರೆ

ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅಧಿಸೂಚಿತ ಪ್ರದೇಶಗಳಲ್ಲಿ ಅಂತರ್ಜಲ ಪ್ರಾಧಿಕಾರದ ಅನುಮತಿ ಇಲ್ಲದೆ ಕೊರೆಸುವಂತಿಲ್ಲ. 1999ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಬಾವಿಯಿಂದ 500 ಮೀಟರ್ ಒಳಗೆ ಕೊರೆಸಲೂ ಅನುಮತಿ ಬೇಕು. ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ಸೂಚನೆಯಂತೆ 15 ದಿನ ಮೊದಲೇ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವ ಜಾಗಕ್ಕೆ ಬೇಲಿ ಹಾಕಬೇಕು.

ಬಿಟ್ಟ ಬೋರ್ ವಿಷಯದಲ್ಲಿ ಒಂದು ದಿನವೂ ತಡ ಬೇಡ. ಇಂಗಿಸಲು ಬಳಸುವುದಾದರೆ ಗಟ್ಟಿ ಮುಚ್ಚಳಕ್ಕೆ ಬೋಲ್ಟ್ ಹಾಕಿಸಿ. ಬಳಸುವುದಿಲ್ಲವಾದರೆ ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಿಸಿ ಮುಚ್ಚಿ. ಮೇಲೊಂದು ಚೀಲ, ಅದರ ಮೇಲೊಂದು ಕಲ್ಲು ಇಟ್ಟರೆ ಮುಚ್ಚಿದ ಹಾಗಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬೋರ್‌ಗೆ ಬಿದ್ದ ಪುಟ್ಟ ಮಗು ಸುಮಾರು 20 ಗಂಟೆ ಕಳೆದ ಮೇಲೆ ಜೀವಂತವಾಗಿ ಹೊರಬಂತು. ಎಲ್ಲ ಮಕ್ಕಳೂ ಹಾಗೆ ಬಂದಿಲ್ಲ.

ಒಂದು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕೆಳಗಿನವರು ಸೇರಿ

ನೀವೊಬ್ಬರೇ ಮೋಟಾರ್ ನಿಲ್ಲಿಸಿದರೆ ಆ ನೀರು ಪಕ್ಕದ ಬೋರ್‌ಗೆ ಹೋಗುತ್ತದೆ ಎಂಬ ಮಾತು ಸುಳ್ಳಲ್ಲ. ಅದಕ್ಕೇ ಜೊತೆಗೂಡಬೇಕು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಬೇಸಾಯಕ್ಕೆ ಬೋರ್ ಕೊರೆಯಬಾರದು, ಕಬ್ಬಿನಂಥ ಬೆಳೆ ಹಾಕಬಾರದು ಎಂದು ಊರವರೇ ತೀರ್ಮಾನಿಸಿದರು. ಪ್ರತಿ ವರ್ಷ ಮಳೆ ಮತ್ತು ಬಾವಿಯ ನೀರು ಅಳೆದು, ಆ ವರ್ಷ ಏನು ಬೆಳೆಯಬೇಕು ಎಂದು ಗ್ರಾಮಸಭೆಯಲ್ಲಿ ಕೂತು ನಿರ್ಧರಿಸುತ್ತಾರೆ. ಅಲ್ಲಿಯ ಮಳೆ ನಮ್ಮದಕ್ಕಿಂತ ಕಮ್ಮಿ. ನಮ್ಮಲ್ಲೂ ಅಟಲ್ ಭೂಜಲ ಯೋಜನೆ 14 ಜಿಲ್ಲೆಗಳ ಪಂಚಾಯಿತಿಗಳಲ್ಲಿ ಇಂಥದೇ ನೀರಿನ ಬಜೆಟ್ ಮಾಡಿಸಿತು. ನಿಮ್ಮ ಪಂಚಾಯಿತಿಯ ಕಪಾಟಿನಲ್ಲಿ ಅದು ಇದ್ದರೂ ಇರಬಹುದು, ತೆಗೆಸಿ ನೋಡಿ.

ಇಡೀ ಊರು ಒಂದೇ ಸಲ ಸೇರುವುದಿಲ್ಲ. ಒಂದು ಟಿ.ಸಿ. ಕೆಳಗಿನ ಐದಾರು ಮನೆಯವರಿಂದ ಶುರು ಮಾಡಿ. ಟಿ.ಸಿ. ಸುಟ್ಟಾಗ ದುಡ್ಡು ಕೂಡಿಸಿ, ಗಾಡಿ ಮಾಡಿಕೊಂಡು, ಒಟ್ಟಿಗೆ ಓಡಾಡುವವರು ಅವರೇ. ಅವರ ಬೋರ್‌ಗಳು ಹತ್ತಿರ ಹತ್ತಿರವೇ ಇರುತ್ತವೆ, ನೀರೂ ಬಹುಮಟ್ಟಿಗೆ ಒಂದೇ ಕಡೆಯದು. ನವೆಂಬರ್ ಅಳತೆ ಆದ ವಾರವೇ ಎಲ್ಲರೂ ಕೂತುಕೊಳ್ಳಿ. ಎಲ್ಲರ ನೋಟ್‌ಬುಕ್ಕು ಮುಂದಿಡಿ. ಮಾತಾಡಬೇಕಾದದ್ದು ಮೂರೇ ವಿಷಯ: ಈ ಬೇಸಿಗೆಗೆ ತಲಾ ಎಷ್ಟು ಗುಂಟೆ, ಮೋಟಾರ್ ಯಾರದು ಯಾವ ದಿನ, ಒಬ್ಬರ ಬೋರ್ ನಿಂತರೆ ಅವರ ಬೆಳೆಗೆ ಉಳಿದವರು ಎಷ್ಟು ನೀರು ಕೊಡುತ್ತಾರೆ. ಮೂರನೆಯದನ್ನು ಮೊದಲು ಮಾತಾಡಿ. ಬೋರ್ ನಿಂತರೂ ಬೆಳೆ ಒಣಗುವುದಿಲ್ಲ ಎಂಬ ಧೈರ್ಯ ಸಿಕ್ಕಿದರೆ, ಸಾಲ ಮಾಡಿ ಹೊಸ ಬೋರ್ ಹೊಡೆಸುವ ಯೋಚನೆಯನ್ನು ಮುಂದಕ್ಕೆ ಹಾಕಲು ಎಲ್ಲರೂ ಒಪ್ಪುತ್ತಾರೆ. ಒಪ್ಪಿದ್ದನ್ನು ಬರೆದು, ಸಹಿ ಹಾಕಿ, ಟಿ.ಸಿ. ಪಕ್ಕದ ಪಂಪ್‌ಹೌಸಿನ ಗೋಡೆಗೆ ಅಂಟಿಸಿ.